ಮಗುವಿನ ಮೊದಲ ಚೀಲ

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಪೇಟೆಬೀದಿಯ ಅಂಗಡಿಗಳ ಮುಂದೆ ಶಾಲೆಯ ಬ್ಯಾಗುಗಳು ಗೊಂಚಲು ಗೊಂಚಲಾಗಿ ತೂಗಾಡತೊಡಗುತ್ತವೆ. ಅವುಗಳಲ್ಲಿ ಎರಡು, ಎರಡೂವರೆ, ಮೂರು ವರ್ಷದ ಮಕ್ಕಳಿಗೆಂದೇ ಹೊಲಿದ ಪುಟ್ಟ ಬ್ಯಾಗುಗಳದ್ದು ಬೇರೆಯೇ ಸೊಗಸು: ಕರಡಿಯ ಮುಖ, ಮೊಲದ ಕಿವಿ, ಟೀವಿಯಲ್ಲಿ ಬರುವ ಗೊಂಬೆ, ಒತ್ತಿದರೆ ಮಿಣುಕುವ ದೀಪ. ಮಗುವನ್ನು ಪ್ಲೇಹೋಮಿಗೆ ಸೇರಿಸಲಿರುವ ತಂದೆತಾಯಿ ಬಣ್ಣ ನೋಡಿ, ಬೆಲೆ ಚೌಕಾಸಿ ಮಾಡಿ, ಮಗು ಯಾವುದಕ್ಕೆ ಕೈಚಾಚಿತೋ ಅದನ್ನು ಕೊಂಡು ಮನೆಗೆ ಹೋಗುತ್ತಾರೆ. ಕೇಳುಗರೇ, ಈ ಆಯ್ಕೆಗೆ ಇನ್ನಷ್ಟು ಯೋಚನೆ ಸಲ್ಲಬೇಕೆಂದು ನನಗೆ ಅನ್ನಿಸುತ್ತದೆ. ಆ ವಯಸ್ಸಿನ ಮಗುವಿಗೆ ಸೇರಿದ್ದೆಂದು ನಾವು ಹೇಳುವ ವಸ್ತುಗಳಲ್ಲಿ ಹೆಚ್ಚಿನವನ್ನು ನೋಡಿಕೊಳ್ಳುವವರು ದೊಡ್ಡವರೇ. ಅಂಗಿ ಒಗೆಯುವವರು, ತಟ್ಟೆ ತೊಳೆಯುವವರು, ಹಾಸಿಗೆ ಮಡಿಸುವವರು ಎಲ್ಲರೂ ದೊಡ್ಡವರು. ತೆರೆಯುವುದು, ತುಂಬುವುದು, ಮುಚ್ಚುವುದು, ಹೊರುವುದು, ಮತ್ತೆ ಜಾಗದಲ್ಲಿ ಇಡುವುದು, ಇಷ್ಟನ್ನೂ ಮಗು ತಾನೇ ಮಾಡಬಹುದಾದ ವಸ್ತು ಮನೆಯಲ್ಲಿ ಬಹುಶಃ ಈ ಚೀಲ ಒಂದೇ. ಹಾಗಾಗಿ ಕೊಳ್ಳುವಾಗ ಬಣ್ಣ, ಬೆಲೆ, ಬಾಳಿಕೆಗಳಿಗಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಇದನ್ನು ನಮ್ಮ ಮಗು ಯಾರ ಸಹಾಯವೂ ಇಲ್ಲದೆ ತೆರೆದು ಮುಚ್ಚಬಲ್ಲುದೇ? ಉಳಿದ ಲೆಕ್ಕಾಚಾರವೆಲ್ಲ ಇಲ್ಲಿಂದ ಹೊರಡಬೇಕು.

ಇಷ್ಟು ಚಿಕ್ಕ ಮಗುವಿನ ಬೆನ್ನಿಗೆ ಚೀಲವೇ ಏಕೆ ಎಂದು ಕೇಳುವವರಿದ್ದಾರೆ. ಅವರ ಆಕ್ಷೇಪ ಹಗುರವಾದದ್ದಲ್ಲ. ಮೈಸೂರಿನ ಆರ್.ಕೆ. ನಾರಾಯಣ್ ರಾಜ್ಯಸಭೆಗೆ ನಾಮನಿರ್ದೇಶಿತರಾಗಿದ್ದಾಗ, 1989ರಲ್ಲಿ, ತಮ್ಮ ಮೊದಲ ಭಾಷಣವನ್ನು ಮೀಸಲಿಟ್ಟದ್ದು ಶಾಲೆಯ ಮಕ್ಕಳು ಹೊರುವ ಪುಸ್ತಕದ ಹೊರೆಯ ವಿಷಯಕ್ಕೆ. ಪ್ರೊ. ಯಶಪಾಲ್ ಅವರ ಅಧ್ಯಕ್ಷತೆಯಲ್ಲಿ ಕೇಂದ್ರ ಸರ್ಕಾರ 1992ರಲ್ಲಿ ನೇಮಿಸಿದ ಸಮಿತಿ ಹೊರೆಯಿಲ್ಲದ ಕಲಿಕೆಯ ಬಗ್ಗೆ 1993ರಲ್ಲಿ ವರದಿ ಕೊಟ್ಟಿತು. ಚೀಲದ ಭಾರಕ್ಕಿಂತ ಅರ್ಥವಾಗದ್ದನ್ನು ಕಲಿಯುವ ಭಾರ ಮಕ್ಕಳನ್ನು ಹೆಚ್ಚು ಕುಗ್ಗಿಸುತ್ತದೆ ಎಂಬುದು ಆ ವರದಿಯ ತಿರುಳು. ನಮ್ಮ ರಾಜ್ಯ ಸರ್ಕಾರ 2019ರಲ್ಲಿ ಹೊರಡಿಸಿದ ಆದೇಶ ಒಂದು ಮತ್ತು ಎರಡನೇ ತರಗತಿಯ ಮಕ್ಕಳ ಚೀಲ ಎರಡು ಕಿಲೋ ದಾಟಬಾರದೆಂದು ಹೇಳಿತು. ಮರುವರ್ಷ ಬಂದ ಕೇಂದ್ರದ ಶಾಲಾ ಬ್ಯಾಗ್ ನೀತಿಯಂತೂ ಪೂರ್ವ ಪ್ರಾಥಮಿಕ ಹಂತದ ಮಕ್ಕಳಿಗೆ ಚೀಲವೇ ಬೇಡ ಎಂದಿತು. ಹೀಗಿರುವಾಗ ಎರಡೂವರೆ ವರ್ಷದ ಮಗುವಿಗೆ ಚೀಲ ಆರಿಸುವ ಬಗ್ಗೆ ಮಾತಾಡುವುದು ಈ ಹೋರಾಟವನ್ನೆಲ್ಲ ಹಿಂದಕ್ಕೆ ಎಳೆದಂತೆ ಆಗುವುದಿಲ್ಲವೇ?

ಆಗುವುದಿಲ್ಲ ಎಂದೇ ನನ್ನ ನಂಬಿಕೆ. ಆ ಎಲ್ಲ ಆದೇಶ, ವರದಿಗಳ ಸಿಟ್ಟು ಪುಸ್ತಕದ ಮೇಲೆ, ಕಾಪಿಯ ಮೇಲೆ, ಹೋಮ್‌ವರ್ಕಿನ ಮೇಲೆ. ಆ ಸಿಟ್ಟು ಪೂರ್ತಿ ನ್ಯಾಯವಾದದ್ದು. ಪುಟ್ಟ ಮಗುವಿನ ಚೀಲದಲ್ಲಿ ಪುಸ್ತಕ, ಸ್ಲೇಟು, ಅಕ್ಷರ ತಿದ್ದುವ ಹಾಳೆ ಯಾವುದೂ ಇರಬಾರದು. ಆದರೆ ಮನೆಯಿಂದ ನಾಲ್ಕೈದು ಗಂಟೆ ಹೊರಗಿರುವ ಮಗುವಿಗೆ ಒಂದು ಡಬ್ಬಿ, ಒಂದು ನೀರಿನ ಬಾಟಲಿ, ಒಂದು ಜೊತೆ ಬದಲಿ ಬಟ್ಟೆ, ಒಂದು ಕರವಸ್ತ್ರ ಬೇಕೇ ಬೇಕು. ಅವು ಹೇಗೂ ಯಾವುದೋ ಚೀಲದಲ್ಲಿ ಹೋಗಲೇಬೇಕು. ಆ ಚೀಲ ಅಮ್ಮನ ಹೆಗಲ ಮೇಲೆ, ಅಮ್ಮನ ಜವಾಬ್ದಾರಿಯಾಗಿ ಹೋಗಬೇಕೋ, ಮಗುವಿನ ಅಳತೆಗೆ ತಕ್ಕಂತೆ, ಮಗುವಿನ ಕೈಗೆ ಬಗ್ಗುವಂತೆ ಹೋಗಬೇಕೋ ಎಂಬುದಷ್ಟೇ ನಮ್ಮ ಮುಂದಿರುವ ಪ್ರಶ್ನೆ.

ತೂಕದ ಮಾತನ್ನು ಇಲ್ಲೇ ಮುಗಿಸಿಬಿಡೋಣ. ಚೀಲದ ಭಾರ ಮೈತೂಕದ ಹತ್ತನೇ ಒಂದು ಭಾಗ ಮೀರಬಾರದೆಂಬ ಮಾತು ಸರ್ಕಾರದ ನೀತಿಯಲ್ಲೂ ಇದೆ, ವೈದ್ಯರ ಸಲಹೆಯಲ್ಲೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಮಾನದಂಡದಂತೆ ಎರಡು ವರ್ಷದ ಗಂಡುಮಗುವಿನ ಮಧ್ಯಮ ತೂಕ 12.2 ಕಿಲೋ, ಹೆಣ್ಣುಮಗುವಿನದು 11.5 ಕಿಲೋ. ಮೂರು ವರ್ಷಕ್ಕೆ ಅದು 14 ಕಿಲೋದ ಆಸುಪಾಸಿಗೆ ಬರುತ್ತದೆ. ಅಂದರೆ ಚೀಲ, ಡಬ್ಬಿ, ನೀರು, ಬಟ್ಟೆ ಎಲ್ಲ ಸೇರಿ ಒಂದು ಕಿಲೋ ದಾಟಿದರೆ ಮಿತಿಯ ಅಂಚಿಗೆ ಬಂದೆವೆಂದೇ ಲೆಕ್ಕ. ಅರ್ಧ ಲೀಟರ್ ನೀರು ತಾನೇ ಅರ್ಧ ಕಿಲೋ ತೂಗುತ್ತದೆ, ಅದರ ಮೇಲೆ ಬಾಟಲಿಯ ತೂಕ. ಸ್ಟೀಲಿನ ದಪ್ಪ ಡಬ್ಬಿ ಇಟ್ಟರೆ ಮುಗಿಯಿತು, ಬಟ್ಟೆಗೆ ಜಾಗವೇ ಉಳಿಯದು. ಆದ್ದರಿಂದ ಕಾಲು ಲೀಟರಿನ ಬಾಟಲಿ ಸಾಕು, ಖಾಲಿಯಾದಾಗ ಅಲ್ಲೇ ತುಂಬಿಸಿಕೊಡುವಂತೆ ಆಯಾಗೆ ಹೇಳಿದರೆ ಆಯಿತು. ಒಳಗೆ ಗಟ್ಟಿ ಹಲಗೆ, ಹೊರಗೆ ದಪ್ಪ ಸ್ಪಂಜಿನ ಗೊಂಬೆ ಹೊಲಿದ ಚೀಲ ಖಾಲಿಯಿರುವಾಗಲೇ ಭಾರ. ಅಂಗಡಿಯಲ್ಲಿ ಅದನ್ನು ಒಂದೇ ಬೆರಳಿಗೆ ನೇತುಹಾಕಿ ನೋಡಬೇಕು.

ಇಲ್ಲಿ ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಭಾರದ ಚೀಲದಿಂದ ಮಕ್ಕಳಿಗೆ ಬೆನ್ನುನೋವು ಬರುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ. ಆದರೆ 2018ರಲ್ಲಿ ಬ್ರಿಟನ್ನಿನ ಕ್ರೀಡಾ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ವಿಮರ್ಶೆ 69 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ, ಅದಕ್ಕೆ ಗಟ್ಟಿಯಾದ ಪುರಾವೆ ಸಿಗಲಿಲ್ಲ ಎಂದಿತು. ಆ ಅಧ್ಯಯನಗಳು ಶಾಲೆಗೆ ಹೋಗುವ ದೊಡ್ಡ ಮಕ್ಕಳವು. ಹಾಗೆಂದು ಪುಟ್ಟ ಮಗುವಿನ ಚೀಲಕ್ಕೆ ಎಷ್ಟಾದರೂ ತುಂಬಬಹುದೆಂದು ಅರ್ಥವಲ್ಲ, ಅಲ್ಲಿ ಹೆದರಬೇಕಾದದ್ದು ನೋವಿಗಿಂತ ಬೀಳುವುದಕ್ಕೆ. ಎರಡು ವರ್ಷದ ಮಗುವಿನ ತಲೆ ಅದರ ಎತ್ತರದ ಐದನೇ ಒಂದು ಭಾಗದಷ್ಟಿರುತ್ತದೆ, ಕಾಲು ಗಿಡ್ಡ, ನಡಿಗೆ ಇನ್ನೂ ಪೂರ್ತಿ ಕುದುರಿರುವುದಿಲ್ಲ. ಭಾರವೆಲ್ಲ ಮೇಲ್ಭಾಗದಲ್ಲೇ ಇರುವ ಈ ಮೈಗೆ ಹಿಂದಿನಿಂದ ಇನ್ನೊಂದು ಭಾರ ಜೋತುಬಿದ್ದರೆ ಮೆಟ್ಟಿಲ ಬಳಿ, ಆಟೋ ಹತ್ತುವಾಗ, ಓಡುವಾಗ ಮಗು ಹಿಂದಕ್ಕೆ ಬೀಳುತ್ತದೆ. ಚೀಲ ಬೆನ್ನಿಗೆ ಅಂಟಿಕೊಂಡು ಕೂರಬೇಕೆನ್ನುವುದು ಇದಕ್ಕಾಗಿಯೇ. ಅದರ ಅಗಲ ಹೆಗಲಿಗಿಂತ ಹೆಚ್ಚಿರಬಾರದು, ತಳ ಸೊಂಟಕ್ಕಿಂತ ಕೆಳಗೆ ಇಳಿಯಬಾರದು. ಹೆಗಲಪಟ್ಟಿ ಅಗಲವಾಗಿ, ಒಳಗೆ ತೆಳ್ಳನೆಯ ಮೆತ್ತೆಯೊಂದಿಗೆ ಇರಬೇಕು. ಈ ವಯಸ್ಸಿನ ಮಕ್ಕಳ ಹೆಗಲು ಇಳಿಜಾರು, ಪಟ್ಟಿ ಜಾರಿ ತೋಳಿಗೆ ಬರುವುದೇ ಹೆಚ್ಚು. ಎರಡೂ ಪಟ್ಟಿಗಳನ್ನು ಎದೆಯ ಮೇಲೆ ಹಿಡಿದಿಡುವ ಸಣ್ಣ ಅಡ್ಡಪಟ್ಟಿ ಇದ್ದರೆ ಆ ತೊಂದರೆ ತಪ್ಪುತ್ತದೆ. ಇನ್ನೆರಡು ವರ್ಷ ಬರಲಿ ಎಂದು ದೊಡ್ಡ ಅಳತೆಯದನ್ನು ಕೊಳ್ಳುವ ಮನಸ್ಸು ಅರ್ಥವಾಗುವಂಥದ್ದೇ, ಅಂಗಿಯಾದರೆ ಹಾಗೆ ಕೊಳ್ಳಬಹುದು. ಚೀಲದ ವಿಷಯದಲ್ಲಿ ಈ ಉಳಿತಾಯ ಬೇಡ.

ಇನ್ನು ನಾನು ಅತಿ ಮುಖ್ಯವೆಂದು ತಿಳಿದಿರುವ ವಿಷಯ, ಚೀಲದ ಬಾಯಿ. ಬೆನ್ನುಚೀಲದ ಜಿಪ್ಪು ಮಕ್ಕಳ ಪಾಲಿಗೆ ಒಳ್ಳೆಯ ಗುರು. ಸ್ವೆಟರಿನ ಜಿಪ್ಪಿನಲ್ಲಿ ಕೆಳತುದಿಯ ಕಡ್ಡಿಯನ್ನು ಇನ್ನೊಂದು ಬದಿಯ ಗೂಡಿಗೆ ಸೇರಿಸಬೇಕು, ಅದು ನಾಲ್ಕೈದು ವರ್ಷದವರೆಗೂ ಕಷ್ಟ. ಚೀಲದ ಜಿಪ್ಪಿಗೆ ಆ ಕಸರತ್ತಿಲ್ಲ, ಎಳೆದರೆ ಸಾಕು. ಆದರೂ ಒಂದು ಕೈ ಬಟ್ಟೆಯನ್ನು ಬಿಗಿಯಾಗಿ ಹಿಡಿದಿರಬೇಕು, ಇನ್ನೊಂದು ಕೈ ಎಳೆಯಬೇಕು. ಎರಡು ಕೈಗಳೂ ಬೇರೆಬೇರೆ ಕೆಲಸ ಮಾಡುತ್ತಾ ಒಂದೇ ಗುರಿಗೆ ಸಾಗುವ ಈ ಹೊಂದಾಣಿಕೆ ಮುಂದೆ ಗುಂಡಿ ಹಾಕುವುದಕ್ಕೆ, ಕತ್ತರಿ ಹಿಡಿಯುವುದಕ್ಕೆ, ಬರೆಯುವುದಕ್ಕೆ ಬೇಕಾದ ತಯಾರಿ. ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮಿನಲ್ಲಿ ತೆರೆದ ಮಕ್ಕಳ ಮನೆಯಿಂದ ಬೆಳೆದ ಪದ್ಧತಿಯಲ್ಲಿ ಗುಂಡಿ, ಲಾಡಿ, ಕೊಕ್ಕೆಗಳನ್ನು ಚೌಕಟ್ಟಿಗೆ ಹೊಲಿದು ಮಕ್ಕಳ ಕೈಗೆ ಕೊಡುತ್ತಿದ್ದದ್ದು ಈ ತಯಾರಿಗಾಗಿಯೇ. ಆ ಚೌಕಟ್ಟು ಎಲ್ಲರಿಗೂ ಸಿಗುವಂಥದ್ದಲ್ಲ, ಚೀಲ ದಿನವೂ ಕೈಯಲ್ಲೇ ಇರುತ್ತದೆ. ಹಾಗಾಗಿ ಜಿಪ್ಪಿನ ಹಲ್ಲು ದೊಡ್ಡದಿರಲಿ, ದಾರಿ ನೇರವಾಗಿರಲಿ ಅಥವಾ ಸಾವಕಾಶವಾಗಿ ಬಾಗಿರಲಿ, ಎಳೆಯುವ ತುದಿಗೆ ಪುಟ್ಟ ಬೆರಳು ಹೋಗುವಂಥ ಬಟ್ಟೆಯ ಕುಣಿಕೆ ಇರಲಿ. ಇಲ್ಲದಿದ್ದರೆ ಮನೆಯಲ್ಲೇ ಹೊಲಿದು ಹಾಕಬಹುದು. ಎರಡೂ ಬದಿಯಿಂದ ಒತ್ತಬೇಕಾದ ಪ್ಲಾಸ್ಟಿಕ್ ಬಕಲ್ ಈ ಬೆರಳುಗಳಿಗೆ ಬಗ್ಗದು. ವೆಲ್ಕ್ರೋ ಸುಲಭ. ಖಾನೆ ಒಂದು ದೊಡ್ಡದು, ಒಂದು ಚಿಕ್ಕದು, ಬಾಟಲಿಗೆ ಪಕ್ಕದಲ್ಲೊಂದು ಜೇಬು ಇದ್ದರೆ ಬೇಕಾದಷ್ಟಾಯಿತು. ಖಾನೆ ಹೆಚ್ಚಿದಷ್ಟೂ ಯಾವುದು ಎಲ್ಲಿದೆಯೆಂದು ಮಗುವಿಗೆ ನೆನಪಿರದೆ, ಕೊನೆಗೆ ದೊಡ್ಡವರೇ ಹುಡುಕಿಕೊಡಬೇಕಾಗುತ್ತದೆ.

ಅಪಾಯದ ಮಾತು ಚುಟುಕಾಗಿ, ಆದರೆ ಖಡಾಖಂಡಿತವಾಗಿ ಹೇಳಬೇಕು. ಮಿಣುಕುವ ದೀಪದ ಒಳಗೆ ಇರುವುದು ಸಾಮಾನ್ಯವಾಗಿ ಗುಂಡಿಯಾಕಾರದ ಸಣ್ಣ ಬ್ಯಾಟರಿ. ಅದು ಸಡಿಲವಾಗಿ ಮಗುವಿನ ಬಾಯಿಗೆ ಹೋಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗನ್ನು ಸುಟ್ಟುಬಿಡಬಲ್ಲದು. ಅಂಥ ಚೀಲ ಎಷ್ಟು ಚೆಂದವಿದ್ದರೂ ಮನೆಗೆ ತರಬಾರದು. ಜಿಪ್ಪಿಗೆ ಜೋತುಬಿಟ್ಟ ಮಣಿ, ಕಿತ್ತುಬರುವ ಗೊಂಬೆಯ ಕಣ್ಣು ಮೂರು ವರ್ಷದೊಳಗಿನ ಮಗುವಿನ ಗಂಟಲಿಗೆ ಸಿಕ್ಕುವಂಥವು. ಎಳೆದು ಬಿಗಿಯುವ ಉದ್ದ ದಾರದ ಚೀಲ ಜಾರುಬಂಡೆಯಲ್ಲಿ ಸಿಕ್ಕಿಕೊಂಡು ಕುತ್ತಿಗೆಗೆ ಉರುಳಾಗಬಹುದು, ಆಟದ ವೇಳೆಯಲ್ಲಂತೂ ಯಾವ ಚೀಲವೂ ಬೆನ್ನ ಮೇಲೆ ಇರಬಾರದು. ಮಗುವಿನ ಹೆಸರನ್ನು ಚೀಲದ ಹೊರಗೆ ದೊಡ್ಡದಾಗಿ ಬರೆಸುವ ಹವ್ಯಾಸ ಬೇಡ. ಹೆಸರು ಹಿಡಿದು ಕರೆದ ಅಪರಿಚಿತರನ್ನು ಮಗು ಪರಿಚಿತರೆಂದೇ ನಂಬುತ್ತದೆ. ಹೆಸರು, ಫೋನ್ ನಂಬರು ಒಳಗೆ ಇರಲಿ. ಹೊರಗೆ ಮಗು ಗುರುತಿಸಬಹುದಾದ ಒಂದು ಚಿತ್ರ, ಎಲೆಯೋ ಮೀನೋ, ಸಾಕು.

ಚೀಲ ಮನೆಗೆ ಬಂತು. ಮುಂದೆ? ಎರಡು ವರ್ಷದ ಮಗುವಿಗೆ ಅಭ್ಯಾಸ, ಜವಾಬ್ದಾರಿ ಎಂಬ ಮಾತೆಲ್ಲ ಅತಿಯಾಯಿತು, ಆಡಿಕೊಂಡಿರಲಿ ಬಿಡಿ ಎನ್ನುವವರು ನಮ್ಮಲ್ಲಿ ಬಹಳ. ಅವರ ಅಕ್ಕರೆ ದೊಡ್ಡದು, ಆದರೆ ಮಗುವಿನ ಶಕ್ತಿಯನ್ನು ಅವರು ಕಡಿಮೆ ಅಂದಾಜು ಮಾಡುತ್ತಾರೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕಲ್ ಟೊಮಸೆಲ್ಲೊ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದ್ದವರು ಹದಿನೆಂಟು ತಿಂಗಳ 24 ಕೂಸುಗಳು. ಅಪರಿಚಿತ ವ್ಯಕ್ತಿಯೊಬ್ಬ ಬಟ್ಟೆಯ ಕ್ಲಿಪ್ ಬೀಳಿಸಿಕೊಂಡು ಕೈಗೆ ಎಟುಕದೆ ಪರದಾಡಿದಾಗ, ಎರಡೂ ಕೈ ತುಂಬ ಪುಸ್ತಕ ಹಿಡಿದು ಬೀರುವಿನ ಬಾಗಿಲು ತೆಗೆಯಲಾಗದೆ ನಿಂತಾಗ, ಯಾರೂ ಹೇಳದೆಯೇ ಹೋಗಿ ಎತ್ತಿಕೊಟ್ಟು, ಬಾಗಿಲು ತೆಗೆದುಕೊಟ್ಟವು. 24ರಲ್ಲಿ 22 ಮಕ್ಕಳು ಒಂದಲ್ಲ ಒಂದು ಸಂದರ್ಭದಲ್ಲಿ ನೆರವಾದವು. ಕೆಲಸದಲ್ಲಿ ಪಾಲು ಕೇಳುವ ಈ ಆಸೆ ಆ ವಯಸ್ಸಿಗೆ ತಾನಾಗಿಯೇ ಬರುತ್ತದೆ. ಪೊರಕೆ ಹಿಡಿಯಲು ಓಡಿಬರುವ, ಸೊಪ್ಪು ಬಿಡಿಸುವಾಗ ಕೈ ಹಾಕುವ ಮಗುವನ್ನು ‘ನಿನಗೆ ಆಗಲ್ಲ, ಸುಮ್ನಿರು ಚಿನ್ನಾ’ ಎಂದು ಕೂರಿಸುವವರು ನಾವು. ಐದಾರು ವರ್ಷ ಹಾಗೆ ಕೂರಿಸಿದ ಮೇಲೆ ಅದೇ ಮಗುವಿಗೆ ಸೋಮಾರಿ ಎಂದು ಹೆಸರಿಡುವವರೂ ನಾವೇ. ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ಆರಂಭಿಸಿದ ಗಿಜುಭಾಯಿ ಬಧೇಕಾ ಮಕ್ಕಳಿಗೆ ತಮ್ಮ ಕೆಲಸ ತಾವು ಮಾಡಿಕೊಳ್ಳಲು ಬಿಡಿ ಎಂದು ಜೀವನವಿಡೀ ತಂದೆತಾಯಿಗಳನ್ನು ಬೇಡಿಕೊಂಡವರು. ನೂರು ವರ್ಷ ಕಳೆದರೂ ಆ ಬೇಡಿಕೆಯನ್ನು ನಾವಿನ್ನೂ ಪೂರ್ತಿ ನಡೆಸಿಕೊಟ್ಟಿಲ್ಲ.

ಚೀಲದಿಂದ ಕಲಿಸಬೇಕಾದ ಕೆಲಸಗಳು ನಾಲ್ಕೈದಕ್ಕಿಂತ ಹೆಚ್ಚಿಲ್ಲ. ಮನೆಗೆ ಬಂದ ಕೂಡಲೇ ಚಪ್ಪಲಿ ಬಿಟ್ಟು, ಡಬ್ಬಿಯನ್ನು ಹೊರತೆಗೆದು ಅಡುಗೆಮನೆಯಲ್ಲಿ ಕೊಡುವುದು, ಒದ್ದೆ ಬಟ್ಟೆ ಇದ್ದರೆ ಒಗೆಯುವ ಬುಟ್ಟಿಗೆ ಹಾಕುವುದು, ಖಾಲಿ ಚೀಲವನ್ನು ಅದರ ಗೂಟಕ್ಕೆ ನೇತುಹಾಕುವುದು. ರಾತ್ರಿ ಮಲಗುವ ಮುಂಚೆ ಒಗೆದ ಬಟ್ಟೆ, ಕರವಸ್ತ್ರಗಳನ್ನು ಚೀಲಕ್ಕೆ ಇಡುವುದು. ಇದರಲ್ಲಿ ಗೂಟದ ಪಾತ್ರ ದೊಡ್ಡದು. ದೊಡ್ಡವರ ಎತ್ತರದ ಮೊಳೆಗೆ ನೇತುಹಾಕಿದ ಚೀಲ ಮಗುವಿನ ಕೈತಪ್ಪಿ ಹೋದಂತೆಯೇ. ನೆಲದಿಂದ ಸುಮಾರು ಎರಡಡಿ ಎತ್ತರದಲ್ಲಿ, ಬಾಗಿಲ ಹತ್ತಿರ, ಒಂದು ಗೂಟ ಇರಲಿ. ಅದು ಮಗುವಿನ ಮುಖದ ಮಟ್ಟಕ್ಕೆ ಸಮೀಪ ಬರುವುದರಿಂದ ಚೂಪು ಮೊಳೆ ಬೇಡ, ಮೊಂಡುತುದಿಯ ಮರದ ಗೂಟವೇ ಆಗಬೇಕು. ಜಾಗ ಇಂದೊಂದು, ನಾಳೆಯೊಂದು ಆಗಬಾರದು. ಕೆಲಸದ ಅನುಕ್ರಮವೂ ಬದಲಾಗಬಾರದು. ಅಭ್ಯಾಸ ಗಟ್ಟಿಯಾಗುವುದು ಒಂದೇ ಸನ್ನಿವೇಶದಲ್ಲಿ ಒಂದೇ ಕೆಲಸ ಮತ್ತೆ ಮತ್ತೆ ನಡೆದಾಗ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ವಯಸ್ಕರನ್ನೇ ಪರೀಕ್ಷಿಸಿದಾಗ ಸಣ್ಣದೊಂದು ಹೊಸ ಅಭ್ಯಾಸ ತಾನೇತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಹಿಡಿಯಿತು, ಕೆಲವರಿಗೆ ಎಂಟು ತಿಂಗಳೂ ಬೇಕಾಗಬಹುದೆಂಬ ಅಂದಾಜು ಸಿಕ್ಕಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೆಚ್ಚು ನಷ್ಟವೇನೂ ಆಗಲಿಲ್ಲ. ದೊಡ್ಡವರ ಗತಿಯೇ ಹೀಗಿರುವಾಗ ಒಂದು ವಾರ ಹೇಳಿಕೊಟ್ಟು, ಇವನಿಗೆ ಎಷ್ಟು ಹೇಳಿದರೂ ಅಷ್ಟೇ ಎಂದು ಕೈಚೆಲ್ಲುವುದು ಮಗುವಿಗೆ ಮಾಡುವ ಅನ್ಯಾಯ.

ಹಾಗಾದರೆ ಚಾಕೊಲೇಟಿನ ಆಸೆ ತೋರಿಸಿ ಬೇಗ ಕಲಿಸಬಹುದಲ್ಲ ಎಂದು ಕೇಳಬಹುದು. ಮೊದಲ ವಾರ ಅದು ಫಲ ಕೊಟ್ಟಂತೆಯೇ ಕಾಣುತ್ತದೆ. ಆದರೆ ಅದೇ ವಾರ್ನೆಕೆನ್ ಮತ್ತು ಟೊಮಸೆಲ್ಲೊ 2008ರಲ್ಲಿ ಇಪ್ಪತ್ತು ತಿಂಗಳ ಮಕ್ಕಳ ಮೇಲೆ ನಡೆಸಿದ ಇನ್ನೊಂದು ಅಧ್ಯಯನ ಬೇರೆ ಮಾತು ಹೇಳುತ್ತದೆ. ನೆರವಾದದ್ದಕ್ಕೆ ಆಟಿಕೆಯ ಬಹುಮಾನ ಪಡೆದ ಮಕ್ಕಳು ಆಮೇಲೆ ನೆರವಾಗುವುದನ್ನು ಕಡಿಮೆ ಮಾಡಿದವು. ಬಾಯಿಮಾತಿನ ಮೆಚ್ಚುಗೆ ಪಡೆದವರಲ್ಲಿ, ಏನೂ ಪಡೆಯದವರಲ್ಲಿ ಹಾಗಾಗಲಿಲ್ಲ. ಮಾಡುವುದರಲ್ಲೇ ಇದ್ದ ಸಂತೋಷದ ಜಾಗಕ್ಕೆ ಬಹುಮಾನ ಬಂದು ಕೂತರೆ, ಬಹುಮಾನ ನಿಂತ ದಿನ ಕೆಲಸವೂ ನಿಲ್ಲುತ್ತದೆ. ‘ಡಬ್ಬಿ ನೀನೇ ತಂದುಕೊಟ್ಟೆ, ನನಗೆ ತೊಳೆಯೋಕೆ ಸುಲಭವಾಯ್ತು’ ಎಂಬ ಒಂದು ಮಾತು ಮಗುವಿಗೆ ಸಾಕು. ಬೈಗುಳಕ್ಕೂ ಇದೇ ನಿಯಮ. ಬೈದು ಮಾಡಿಸಿದ ಕೆಲಸವನ್ನು ಮಗು ಬೈಯುವವರು ಎದುರಿಗಿದ್ದಾಗ ಮಾತ್ರ ಮಾಡುತ್ತದೆ.

ಬೆಳಗ್ಗೆ ಸಮಯವೇ ಇರುವುದಿಲ್ಲ, ಮಗು ಜಿಪ್ಪು ಎಳೆಯುತ್ತಾ ಕೂತರೆ ವ್ಯಾನು ಹೋಗಿಬಿಡುತ್ತದೆ ಎಂಬುದು ಕೆಲಸಕ್ಕೆ ಹೋಗುವ ತಾಯಂದಿರ ಕಷ್ಟ. ಅದನ್ನು ಯಾರೂ ಅಲ್ಲಗಳೆಯಲಾರರು. ಅದಕ್ಕೇ ಕಲಿಸುವ ಹೊತ್ತನ್ನು ರಾತ್ರಿಗೆ ಬದಲಾಯಿಸಬೇಕು. ಬೆಳಗ್ಗೆ ಡಬ್ಬಿ, ನೀರು ಮಾತ್ರ ಉಳಿಯಲಿ. ಅಷ್ಟಕ್ಕೂ ಪುರುಸೊತ್ತಿಲ್ಲದ ದಿನ ಜಿಪ್ಪನ್ನು ಮುಕ್ಕಾಲು ಎಳೆದು, ಕೊನೆಯ ನಾಲ್ಕು ಬೆರಳು ಮಗುವಿಗೆ ಬಿಡಿ. ಕೆಲಸ ಮುಗಿಸಿದ್ದು ತಾನು ಎಂದು ಅದಕ್ಕೆ ಗೊತ್ತಾಗುತ್ತದೆ. ಇದೆಲ್ಲ ತಾಯಿಯೊಬ್ಬಳ ಪಾಲಿನ ಪಾಠವೂ ಆಗಬಾರದು, ರಾತ್ರಿಯ ಆ ಹತ್ತು ನಿಮಿಷ ಅಪ್ಪನದೂ ಆಗಬಹುದು. ಇನ್ನೊಂದು ಕಷ್ಟ ಅಜ್ಜ ಅಜ್ಜಿಯರ ಪ್ರೀತಿಯದು. ಗೇಟಿನಿಂದ ಹೊರಬಂದ ಮೊಮ್ಮಗುವಿನ ಬೆನ್ನಿನಿಂದ ಮೊದಲು ಚೀಲ ಕಳಚಿ ತಮ್ಮ ಹೆಗಲಿಗೆ ಹಾಕಿಕೊಳ್ಳುವುದು ನಮ್ಮ ಊರುಗಳಲ್ಲಿ ದಿನವೂ ಕಾಣುವ ದೃಶ್ಯ. ಅವರ ಮನಸ್ಸು ನೋಯಿಸುವ ಅಗತ್ಯವಿಲ್ಲ. ದಣಿದ ದಿನ, ಜ್ವರದ ದಿನ, ದೂರ ನಡೆಯುವ ದಿನ ಅವರು ಹೊರಲಿ. ಉಳಿದ ದಿನ ಮಗುವಿನ ಕೈ ಹಿಡಿದು ನಡೆಯುವುದು ಅವರ ಕೆಲಸ, ಚೀಲ ಹೊರುವುದು ಮಗುವಿನ ಕೆಲಸ ಎಂದು ಹಂಚಿಕೊಂಡರೆ ಪ್ರೀತಿಗೇನೂ ಕೊರತೆಯಾಗದು. ಮತ್ತೊಂದು ಮಾತು, ಇದನ್ನು ಒತ್ತಿ ಹೇಳಬೇಕು. ಚೀಲ ಜೋಡಿಸುವುದನ್ನು ಅಕ್ಕನಿಗೆ ಕಲಿಸಿ, ತಮ್ಮನ ಚೀಲವನ್ನೂ ಅವಳಿಂದಲೇ ಜೋಡಿಸುವ ಮನೆಗಳು ಇನ್ನೂ ಇವೆ. ತನ್ನ ಡಬ್ಬಿಯನ್ನು ತಾನು ತಂದುಕೊಡುವುದನ್ನು ಮೂರನೇ ವರ್ಷದಲ್ಲಿ ಕಲಿಯದ ಗಂಡುಮಗ ಮೂವತ್ತನೇ ವರ್ಷದಲ್ಲಿ ತನ್ನ ತಟ್ಟೆ ಎತ್ತುವುದನ್ನು ಕಲಿಯುವುದು ಕಷ್ಟ. ಮಗ, ಮಗಳು ಇಬ್ಬರಿಗೂ ಒಂದೇ ಗೂಟ, ಒಂದೇ ನಿಯಮ.

ಇದೆಲ್ಲ ದುಡ್ಡಿದ್ದವರ ಮಾತು ಎಂದು ಯಾರಾದರೂ ಅಂದುಕೊಂಡಿದ್ದರೆ ಅದನ್ನೂ ತಿದ್ದಬೇಕು. ನಾನು ಹೇಳಿದ ಯಾವ ಗುಣಕ್ಕೂ ಹೆಚ್ಚು ಬೆಲೆಯಿಲ್ಲ. ಹಳೆಯ ಪ್ಯಾಂಟಿನ ಗಟ್ಟಿ ಬಟ್ಟೆಯಿಂದ ಬೀದಿಯ ಟೈಲರ್ ಮಗುವಿನ ಬೆನ್ನಿನ ಅಳತೆ ತೆಗೆದುಕೊಂಡು ಹೊಲಿದ ಚೀಲ ಅಂಗಡಿಯ ಕರಡಿಮುಖಕ್ಕಿಂತ ಹಗುರವೂ ಆಗಬಹುದು, ಅಳತೆಗೆ ಸರಿಯೂ ಆಗಬಹುದು. ತೊಳೆದು ಒಣಹಾಕಲು ಬಟ್ಟೆಯ ಚೀಲವೇ ಲೇಸು, ಮೊಸರನ್ನ ಚೆಲ್ಲಿದ ದಿನ ಇದರ ಬೆಲೆ ಗೊತ್ತಾಗುತ್ತದೆ. ಮಗುವಿಗೆ ಮೆಚ್ಚಿನ ಗೊಂಬೆಯ ಚಿತ್ರ ಬೇಕೇ ಬೇಕೆಂದರೆ ಬೇಡವೆನ್ನುವ ಹಟ ನನಗಿಲ್ಲ, ತನಗೆ ಇಷ್ಟವಾದದ್ದನ್ನು ಮಗು ಹೆಚ್ಚು ಜತನ ಮಾಡುತ್ತದೆ. ಹಗುರವಾದ, ಸುಲಭವಾಗಿ ತೆರೆಯುವ ಎರಡು ಮೂರು ಚೀಲಗಳನ್ನು ದೊಡ್ಡವರು ಮೊದಲು ಆರಿಸಿಟ್ಟು, ಅವುಗಳಲ್ಲಿ ಒಂದನ್ನು ಮಗು ಆರಿಸಲಿ. ಅಂಗಡಿಯಲ್ಲೇ ಬೆನ್ನಿಗೆ ಹಾಕಿಸಿ ನಾಲ್ಕು ಹೆಜ್ಜೆ ನಡೆಸಿ, ಕೂರಿಸಿ, ಜಿಪ್ಪು ಎಳೆಸಿ ನೋಡಬೇಕು.

ಇನ್ನು ಪ್ಲೇಹೋಮ್, ಬಾಲವಾಡಿ, ಅಂಗನವಾಡಿಗಳನ್ನು ನಡೆಸುವವರಲ್ಲಿ ನನ್ನದೊಂದು ವಿನಂತಿ. ಮಕ್ಕಳು ಬಂದ ಕೂಡಲೇ ಚೀಲಗಳನ್ನೆಲ್ಲ ಕಸಿದು ಮೂಲೆಯಲ್ಲಿ ರಾಶಿ ಹಾಕುವ ಪದ್ಧತಿ ಇದ್ದರೆ ದಯವಿಟ್ಟು ಅದನ್ನು ಬಿಡಿ. ಜಪಾನಿನ ಶಿಶುವಿಹಾರಗಳಲ್ಲಿ ಎರಡು ಮೂರು ವರ್ಷದ ಮಕ್ಕಳು ಬೆಳಗ್ಗೆ ಬಂದೊಡನೆ ತಮ್ಮ ಚೀಲದಿಂದ ಟವೆಲ್, ಲೋಟ ತೆಗೆದು ಅವುಗಳ ಜಾಗದಲ್ಲಿಟ್ಟು, ಚೀಲವನ್ನು ತಮ್ಮ ಗುರುತಿನ ಕೊಕ್ಕೆಗೆ ತಾವೇ ನೇತುಹಾಕುವುದು ದಿನಚರಿಯ ಭಾಗ. ಗೋಡೆಗೆ ಒಂದು ಉದ್ದನೆಯ ಹಲಗೆ, ಅದರಲ್ಲಿ ಸಾಲಾಗಿ ಗೂಟಗಳು, ಪ್ರತಿ ಗೂಟದ ಮೇಲೆ ಆ ಮಗುವಿನ ಚೀಲದ ಮೇಲಿರುವ ಅದೇ ಎಲೆಯ ಅಥವಾ ಮೀನಿನ ಚಿತ್ರ, ಇಷ್ಟಕ್ಕೆ ಊರಿನ ಬಡಗಿಯ ಅರ್ಧ ದಿನದ ಕೆಲಸ ಸಾಕು. ಮನೆಯಿಂದ ತರಬೇಕಾದ ವಸ್ತುಗಳ ಪಟ್ಟಿಯನ್ನು ಪೋಷಕರಿಗೆ ಕೊಡುವಾಗ ಅದನ್ನು ನಾಲ್ಕಕ್ಕೆ ನಿಲ್ಲಿಸಿ. ಜೂನ್ ತಿಂಗಳ ಮೊದಲ ಎರಡು ವಾರ ಹಾಡು, ಬಣ್ಣ, ಅಕ್ಷರ ಯಾವುದಕ್ಕೂ ಅವಸರ ಮಾಡದೆ, ಬೆಳಗಿನ ಅರ್ಧ ಗಂಟೆಯನ್ನು ಪೂರ್ತಿಯಾಗಿ ಚೀಲ ತೆರೆಯುವುದಕ್ಕೆ, ಇಡುವುದಕ್ಕೆ, ಮುಚ್ಚುವುದಕ್ಕೆ ಕೊಡಿ. ಅಳುವ ಮಗುವಿಗೂ ಆ ಹೊತ್ತಿನಲ್ಲಿ ಕೈಗೊಂದು ಕೆಲಸ ಸಿಗುತ್ತದೆ.